‘ಇನ್‌ಫರೆನ್ಸ್’ ಎಂಬುದಕ್ಕೆ ‘ಅನುಮಾನ’ ಎಂದರೆ ಮಕ್ಕಳು ಸಂಶಯವೆಂದೇ ತಿಳಿಯುತ್ತಾರೆ: ಬೇರೆ ಏನೆನ್ನೋಣ?

ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆಂದು ನಾನೇ ಮೂರು ವಾಕ್ಯಗಳ ಒಂದು ಗದ್ಯಭಾಗವನ್ನು ಬರೆದಿದ್ದೆ: “ಅಜ್ಜಿ ರಾತ್ರಿಯೂಟಕ್ಕೆ ಎರಡು ತಟ್ಟೆ ಇಟ್ಟಳು. ಬಾಗಿಲಿನ ಕಡೆಗೆ ಮತ್ತೆ ಮತ್ತೆ ನೋಡಿದಳು. ಕೊನೆಯ ಬಸ್ಸಿನ ಸದ್ದು ಊರಿನ ಮುಂದೆ ಹಾದುಹೋದ ಮೇಲೆ ಒಂದು ತಟ್ಟೆಯನ್ನು ಎತ್ತಿ ಗೂಡಿನಲ್ಲಿಟ್ಟಳು.” ಇದರ ಕೆಳಗೆ, “ಈ ಭಾಗದಿಂದ ನೀವು ಮಾಡಬಹುದಾದ ಅನುಮಾನವೇನು?” ಎಂದು ಕೇಳಿದ್ದೆ.

ಅಜ್ಜಿ ಯಾರನ್ನೋ ಕಾಯುತ್ತಿದ್ದಳು, ಆ ವ್ಯಕ್ತಿ ಬರಲಿಲ್ಲ ಎಂಬ ಉತ್ತರವನ್ನು ನಾನು ನಿರೀಕ್ಷಿಸಿದ್ದೆ. ಆದರೆ ಬಹಳಷ್ಟು ಮಕ್ಕಳು “ಅಜ್ಜಿಗೆ ಮಗನ ಮೇಲೆ ಅನುಮಾನವಿದೆ” ಎಂದು ಬರೆದಿದ್ದಾರೆ. ಒಬ್ಬ ಹುಡುಗಿಯಂತೂ “ಪಾಠ ಸ್ಪಷ್ಟವಾಗಿದೆ, ನನಗೆ ಯಾವ ಅನುಮಾನವೂ ಇಲ್ಲ” ಎಂದು ಉತ್ತರಿಸಿದ್ದಾಳೆ. ಅಂಥ ಉತ್ತರಗಳಿಗೆಲ್ಲ ನಾನು ಸೊನ್ನೆ ಹಾಕಿದೆ. ಮನೆಗೆ ಬಂದು ಯೋಚಿಸಿದಾಗ, ಮಕ್ಕಳು ತಮಗೆ ಗೊತ್ತಿರುವ ಕನ್ನಡಕ್ಕೆ ಸರಿಯಾಗಿಯೇ ಉತ್ತರಿಸಿದ್ದಾರೆ, ತಪ್ಪು ಪ್ರಶ್ನೆಯಲ್ಲಿದೆ ಎನ್ನಿಸಿತು. ಇಂಗ್ಲಿಷಿನಲ್ಲಿ ಇನ್‌ಫರೆನ್ಸ್ ಎನ್ನುವುದನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿದುಕೊಳ್ಳುವ ಕೆಲಸವನ್ನು, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಏನೆಂದು ಕೇಳಬೇಕು? ಊಹೆ, ತೀರ್ಮಾನ, ನಿರ್ಣಯ, ಗ್ರಹಿಕೆ ಎಲ್ಲವನ್ನೂ ಯೋಚಿಸಿದ್ದೇನೆ. ಒಂದೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ನಿವೃತ್ತ ಸಂಸ್ಕೃತ ಅಧ್ಯಾಪಕ, ಮೈಸೂರು

ಮೇಡಂ, ನೀವು ಬಳಸಿದ ಪದ ತಪ್ಪಲ್ಲ, ಅದು ಎರಡು ಸಾವಿರ ವರ್ಷಗಳಿಂದ ಇದೇ ಅರ್ಥದಲ್ಲಿ ಬಳಕೆಯಲ್ಲಿರುವ ಪದ. ‘ಅನು’ ಎಂದರೆ ಹಿಂದಿನಿಂದ, ‘ಮಾನ’ ಎಂದರೆ ಅಳೆಯುವುದು ಅಥವಾ ತಿಳಿಯುವುದು. ಮೊದಲು ಕಂಡ ಗುರುತೊಂದನ್ನು ಹಿಡಿದು, ಅದರ ಬೆನ್ನಿಗೆ ಬರುವ ತಿಳಿವಳಿಕೆಯೇ ಅನುಮಾನ. ಪ್ರತ್ಯಕ್ಷ (ಇಂದ್ರಿಯಗಳಿಂದ ನೇರವಾಗಿ ತಿಳಿದದ್ದು), ಅನುಮಾನ, ಆಗಮ (ನಂಬತಕ್ಕ ಮಾತಿನಿಂದ ತಿಳಿದದ್ದು) ಎಂಬ ಮೂರು ಪ್ರಮಾಣಗಳನ್ನು, ಎಂದರೆ ಜ್ಞಾನದ ಮಾರ್ಗಗಳನ್ನು, ಉಡುಪಿಯ ಮಧ್ವಾಚಾರ್ಯರು ಒಪ್ಪಿದರು. ಭೌತವಾದಿಗಳಾದ ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿ ಅನುಮಾನವನ್ನು ಬಿಟ್ಟರು. ಎಂದರೆ ಒಪ್ಪುವವರೂ ಬಿಡುವವರೂ ಈ ಪದವನ್ನು ಖಚಿತ ಜ್ಞಾನದ ಒಂದು ಮಾರ್ಗದ ಹೆಸರೆಂದೇ ತಿಳಿದು ವಾದ ಮಾಡಿದರು.

ನ್ಯಾಯಶಾಸ್ತ್ರದ, ಎಂದರೆ ಭಾರತದ ಹಳೆಯ ತರ್ಕಶಾಸ್ತ್ರದ, ಪ್ರಸಿದ್ಧ ಉದಾಹರಣೆ ನಿಮಗೆ ಗೊತ್ತಿರುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆ, ಇದು ಪ್ರತಿಜ್ಞೆ, ಎಂದರೆ ಸಾಧಿಸಬೇಕಾದ ಮಾತು. ಏಕೆಂದರೆ ಹೊಗೆ ಕಾಣುತ್ತಿದೆ, ಇದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಇದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂಥದೇ ಹೊಗೆಯಿದೆ, ಇದು ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ, ಇದು ನಿಗಮನ. ಈ ಐದರಲ್ಲಿ ಜೀವವಿರುವುದು ಮೂರನೆಯದರಲ್ಲಿ. ಹೊಗೆಗೂ ಬೆಂಕಿಗೂ ಇರುವ ತಪ್ಪದ ನಂಟನ್ನು ವ್ಯಾಪ್ತಿ ಎನ್ನುತ್ತಾರೆ. ನಂಟು ಒಂದು ದಿಕ್ಕಿನಲ್ಲಿ ಮಾತ್ರ ಇರಬಹುದೆಂಬುದನ್ನೂ ಅವರು ಗಮನಿಸಿದ್ದರು: ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯೂ ಸೇರಬೇಕು. ಆದ್ದರಿಂದ ಹೊಗೆ ಕಂಡು ಬೆಂಕಿಯಿದೆ ಎನ್ನಬಹುದು, ಬೆಂಕಿ ಕಂಡು ಹೊಗೆಯಿದೆ ಎನ್ನಲಾಗದು.

ಪದವನ್ನು ಬಿಡುವ ಬದಲು ಅದರ ಮೂಲಾರ್ಥವನ್ನು ಮಕ್ಕಳಿಗೆ ಕಲಿಸಿರೆಂದು ನನ್ನ ಕೋರಿಕೆ.

ಅನುವಾದಕ, ಬೆಂಗಳೂರು

ಸರ್, ನಿಮ್ಮ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಇಂದಿನ ಪತ್ರಿಕೆಯಲ್ಲಿ ‘ಅನುಮಾನಾಸ್ಪದ ಸಾವು’ ಎಂದು ಓದುವ, ಮನೆಯಲ್ಲಿ ‘ಅವನು ಅನುಮಾನದ ಪ್ರಾಣಿ’ ಎಂದು ಕೇಳುವ, ‘ಅದರಲ್ಲಿ ಅನುಮಾನವೇ ಇಲ್ಲ’ ಎಂದು ತಾನೇ ಆಡುವ ಮಗುವಿಗೆ ಆ ಪದದ ಅರ್ಥ ಸಂಶಯವೇ. ನೆರೆಯ ತೆಲುಗಿನಲ್ಲಿಯೂ ಹಾಗೆಯೇ ಆಗಿದೆ. ಹಿಂದಿಯವರು ಮತ್ತು ಮರಾಠಿಯವರು ಅದೇ ಪದವನ್ನು ಅಂದಾಜಿನ ಅರ್ಥಕ್ಕೆ ಒಯ್ದರು. ಕಾಣದೆ ತಿಳಿದದ್ದು ಪೂರ್ತಿ ಖಚಿತವಲ್ಲ ಎಂಬ ಜನರ ಅನುಭವವೇ ಈ ಅರ್ಥಪಲ್ಲಟಕ್ಕೆ ಕಾರಣವೆಂದು ನನಗೆ ತೋರುತ್ತದೆ.

ನನ್ನ ತೊಂದರೆ ಇನ್ನೊಂದು ಕಡೆಯದು. ಕೃತಕ ಬುದ್ಧಿಮತ್ತೆಯ ಬರಹಗಳಲ್ಲಿ, ತರಬೇತಿ ಮುಗಿದ ಮಾದರಿಗೆ ಹೊಸ ಪ್ರಶ್ನೆಯನ್ನು ಕೊಟ್ಟು ಉತ್ತರ ಪಡೆಯುವ ಹಂತಕ್ಕೆ ಇನ್‌ಫರೆನ್ಸ್ ಎನ್ನುತ್ತಾರೆ. ಅದನ್ನು ‘ಮಾದರಿಯ ಅನುಮಾನದ ವೆಚ್ಚ’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ನಾನು ‘ಬಳಕೆಯ ಹಂತ’ ಎಂದೇ ಬರೆದು ಮುಂದೆ ಹೋಗುತ್ತಿದ್ದೇನೆ.

ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ನಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ಲವಣ ವಿಶ್ಲೇಷಣೆಗೆ ಮೂರು ಕಂಬಸಾಲುಗಳಿರುತ್ತವೆ: ಪರೀಕ್ಷೆ, ವೀಕ್ಷಣೆ, ಮೂರನೆಯದು ಇನ್‌ಫರೆನ್ಸ್. ಮಕ್ಕಳು ಎಡವುವುದು ಎರಡನೆಯ ಮತ್ತು ಮೂರನೆಯ ಸಾಲುಗಳ ನಡುವೆ. ಲವಣಕ್ಕೆ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ನೊರೆಯುಕ್ಕಿ ಬಣ್ಣವಿಲ್ಲದ ಅನಿಲ ಹೊರಬಿದ್ದು, ಅದು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸಿತು ಎಂಬುದು ವೀಕ್ಷಣೆ. ಆದರೆ ವಿದ್ಯಾರ್ಥಿಯು ವೀಕ್ಷಣೆಯ ಸಾಲಿನಲ್ಲಿಯೇ ‘ಇಂಗಾಲದ ಡೈಆಕ್ಸೈಡ್ ಬಂತು’ ಎಂದು ಬರೆದುಬಿಡುತ್ತಾನೆ. ಇಂಗಾಲದ ಡೈಆಕ್ಸೈಡನ್ನು ಯಾರೂ ಕಣ್ಣಿನಿಂದ ಕಂಡಿಲ್ಲ, ಕಂಡದ್ದು ಬೆಳ್ಳಗಾದ ನೀರು ಮಾತ್ರ ಎಂದು ಪ್ರತಿವರ್ಷವೂ ಹೇಳಬೇಕಾಗುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ. ಸಲ್ಫೈಟ್ ಲವಣದಿಂದ ಹೊರಡುವ ಗಂಧಕದ ಡೈಆಕ್ಸೈಡ್ ಕೂಡ ಸುಣ್ಣದ ತಿಳಿನೀರನ್ನು ಬೆಳ್ಳಗೆ ಮಾಡುತ್ತದೆ. ಅದಕ್ಕೆ ಮೂಗಿಗೆ ಬಡಿಯುವ ಘಾಟು ಇರುತ್ತದೆ, ಮತ್ತು ಅದು ಆಮ್ಲೀಯ ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಅದ್ದಿದ ಕಾಗದವನ್ನು ಹಸಿರಾಗಿಸುತ್ತದೆ. ಆದ್ದರಿಂದ ಮೊದಲ ಪರೀಕ್ಷೆಯ ಮುಂದೆ ‘ಕಾರ್ಬೊನೇಟ್ ಇರಬಹುದು’ (ಆಮ್ಲ ಹಾಕಿದರೆ ಇಂಗಾಲದ ಡೈಆಕ್ಸೈಡ್ ಬಿಡುವುದು ಅದೇ) ಎಂದಷ್ಟೇ ಬರೆಯಬೇಕು, ದೃಢೀಕರಣ ಪರೀಕ್ಷೆಯ ನಂತರವೇ ‘ಇದೆ’ ಎನ್ನಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೂರನೆಯ ಸಾಲನ್ನು ‘ತೀರ್ಮಾನ’ ಎಂದು ಕರೆಯುತ್ತಾರೆ. ನನಗೆ ಆ ಪದದ ಮೇಲೆ ಒಂದು ತಕರಾರಿದೆ: ತೀರ್ಮಾನವೆಂದರೆ ತೀರಿದ್ದು, ಮುಗಿದದ್ದು. ಮದುವೆ ತೀರ್ಮಾನವಾಯಿತು ಎಂದ ಮೇಲೆ ಮತ್ತೆ ಮಾತಿಲ್ಲ. ‘ಇರಬಹುದು’ ಎಂಬುದನ್ನು ತೀರ್ಮಾನವೆನ್ನುವುದು ಹೇಗೆ?

ಭಾಷಾವಿಜ್ಞಾನದ ಸಂಶೋಧನಾರ್ಥಿ, ಮಂಗಳೂರು

ಉಪನ್ಯಾಸಕಿಯವರು ಕೊನೆಯಲ್ಲಿ ಹೇಳಿದ ‘ಇರಬಹುದು’ ಎಂಬ ರೂಪದಲ್ಲಿಯೇ ಈ ಚರ್ಚೆಗೆ ಬೇಕಾದದ್ದು ಇದೆ ಎಂದು ನನಗನ್ನಿಸುತ್ತದೆ. ನಾವೆಲ್ಲರೂ ಒಂದು ನಾಮಪದವನ್ನು ಹುಡುಕುತ್ತಿದ್ದೇವೆ. ಕನ್ನಡವು ಈ ಕೆಲಸವನ್ನು ಬಹುಕಾಲದಿಂದ ಕ್ರಿಯಾಪದಕ್ಕೆ ಒಪ್ಪಿಸಿಬಿಟ್ಟಿದೆ.

ಬೆಳಿಗ್ಗೆ ಎದ್ದು ಬಾಗಿಲು ತೆರೆದು ಒದ್ದೆ ಅಂಗಳವನ್ನು ಕಂಡವರು ಏನೆನ್ನುತ್ತಾರೆ? ‘ರಾತ್ರಿ ಮಳೆ ಬಂದಿರಬೇಕು.’ ಮಳೆಯಲ್ಲಿ ನೆನೆದವರು ‘ಮಳೆ ಬಂತು’ ಎನ್ನುತ್ತಾರೆ. ಪಕ್ಕದ ಮನೆಯವರಿಂದ ಕೇಳಿದವರು ‘ಮಳೆ ಬಂತಂತೆ’ ಎನ್ನುತ್ತಾರೆ. ಮೇಲೆ ಮೈಸೂರಿನ ಗುರುಗಳು ಹೇಳಿದ ಪ್ರತ್ಯಕ್ಷ, ಅನುಮಾನ, ಕೇಳಿ ತಿಳಿದದ್ದು, ಈ ಮೂರನ್ನೂ ಓದುಬರಹ ಬಾರದ ನಮ್ಮ ಅಜ್ಜಿ ವಾಕ್ಯದ ತುದಿಯಲ್ಲಿ ದಿನವೂ ಬೇರೆ ಬೇರೆ ಮಾಡಿ ಆಡುತ್ತಿದ್ದರು. ‘ಬಂತು’ ಎನ್ನಬೇಕಾದಲ್ಲಿ ‘ಬಂತಂತೆ’ ಎಂದರೆ, ಅಥವಾ ಬರೀ ಕೇಳಿದ್ದನ್ನು ‘ಬಂತು’ ಎಂದರೆ, ‘ನೀನು ಕಂಡೆಯೇನು?’ ಎಂಬ ಪ್ರಶ್ನೆ ಕೂಡಲೇ ಬರುತ್ತಿತ್ತು.

ಇದರೊಳಗೂ ಮೆಟ್ಟಿಲುಗಳಿವೆ. ‘ಬಂದ ಹಾಗಿದೆ’ ಎನ್ನಬೇಕಾದರೆ ಗುರುತು ಕಣ್ಣೆದುರೇ ಇರಬೇಕು, ಒದ್ದೆ ನೆಲವನ್ನು ನೋಡುತ್ತಲೇ ಆಡುವ ಮಾತದು. ‘ಬಂದಿರಬೇಕು’ ಎನ್ನಲು ಗುರುತಿನ ಜೊತೆಗೆ ಒಂದಿಷ್ಟು ಯೋಚನೆಯೂ ಸೇರಿರುತ್ತದೆ. ‘ಬಂದಿರಬಹುದು’ ಎಂಬಲ್ಲಿ ಬೇರೆ ಸಾಧ್ಯತೆಗೂ ಬಾಗಿಲು ತೆರೆದಿದೆ. ವ್ಯಾಕರಣಗಳು ಸಂಭಾವನಾರ್ಥಕವೆಂದು ಕರೆಯುವ ‘ಬಂದೀತು’, ‘ಬಂದಿದ್ದೀತು’ ಎಂಬ ರೂಪಗಳು ಇನ್ನೂ ಸಡಿಲ, ಅವು ಈಗ ಪಟ್ಟಣಗಳಲ್ಲಿ ಕಡಿಮೆಯಾಗುತ್ತಿವೆ ಎಂಬುದು ನನಗೆ ನೋವಿನ ಸಂಗತಿ. ಒಂದು ತೊಡಕೂ ಇದೆ. ‘ಅವನು ಮನೆಯಲ್ಲಿರಬೇಕು’ ಎಂಬ ವಾಕ್ಯ ಅಪ್ಪಣೆಯೂ ಆಗಬಹುದು, ಗುರುತು ನೋಡಿ ತಿಳಿದದ್ದೂ ಆಗಬಹುದು. ಬಾಗಿಲ ಬಳಿ ಚಪ್ಪಲಿ ಇದ್ದರೆ ಎರಡನೆಯ ಅರ್ಥ ಬರುತ್ತದೆ, ಜ್ವರ ಬಂದ ಹುಡುಗನ ಬಗ್ಗೆ ವೈದ್ಯರು ಆಡಿದರೆ ಮೊದಲನೆಯದು.

ಶಿಕ್ಷಕಿಯವರು ‘ಅನುಮಾನವೇನು?’ ಎನ್ನುವ ಬದಲು, ‘ತಟ್ಟೆಯನ್ನು ಗೂಡಿನಲ್ಲಿಟ್ಟಾಗ ಅಜ್ಜಿಗೆ ಏನು ತಿಳಿದಿರಬೇಕು? ಯಾವ ಮಾತುಗಳಿಂದ ನಿಮಗೆ ಹಾಗನ್ನಿಸಿತು?’ ಎಂದು ಕೇಳಿದ್ದರೆ, ಒಂದು ಮಗುವೂ ತಪ್ಪು ತಿಳಿಯುತ್ತಿರಲಿಲ್ಲ ಎಂದು ನಂಬುತ್ತೇನೆ.

ವಕೀಲ, ಧಾರವಾಡ

ಮೇಲಿನ ಬರಹವನ್ನು ಎರಡು ಸಲ ಓದಿದೆ. ‘ಇರಬಹುದು’ ಮತ್ತು ‘ಇರಬೇಕು’ ಎಂಬುವುಗಳ ನಡುವಿನ ಅಂತರದ ಮೇಲೆ ನಮ್ಮ ವೃತ್ತಿಯಲ್ಲಿ ಮನುಷ್ಯರ ಬದುಕು ನಿಂತಿರುತ್ತದೆ.

ಕೊಲೆಯನ್ನು ಕಣ್ಣಾರೆ ಕಂಡವರಿಲ್ಲದಿದ್ದಾಗ ಪ್ರಕರಣವು ಸಾಂದರ್ಭಿಕ ಸಾಕ್ಷ್ಯದ ಮೇಲೆ ನಡೆಯುತ್ತದೆ. ಅಂಥ ಸಾಕ್ಷ್ಯದಿಂದ ಅಪರಾಧವನ್ನು ಯಾವಾಗ ನಿಶ್ಚಯಿಸಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಐದು ಷರತ್ತುಗಳನ್ನು ಒಟ್ಟುಗೂಡಿಸಿ ಹೇಳಿತು. ಸಂದರ್ಭಗಳು ಒಂದೊಂದೂ ಪೂರ್ಣವಾಗಿ ಸಾಬೀತಾಗಿರಬೇಕು. ಅವು ಆರೋಪಿ ತಪ್ಪಿತಸ್ಥನೆಂಬ ಒಂದೇ ಕಡೆಗೆ ಬೆರಳು ಮಾಡಬೇಕು, ಬೇರೆ ಯಾವ ವಿವರಣೆಗೂ ಎಡೆಗೊಡಬಾರದು. ಸಾಕ್ಷ್ಯದ ಸರಪಳಿಯಲ್ಲಿ ಕೊಂಡಿ ತಪ್ಪಿರಬಾರದು. ಅದಕ್ಕಿಂತ ಮೊದಲು, 1973ರ ತೀರ್ಪೊಂದರಲ್ಲಿ, ಆರೋಪಿಯು ತಪ್ಪಿತಸ್ಥನಾಗಿರಬಹುದು ಎಂಬುದಕ್ಕೂ ತಪ್ಪಿತಸ್ಥನಾಗಿರಲೇಬೇಕು ಎಂಬುದಕ್ಕೂ ಇರುವ ದೂರ ಬಹಳವೆಂದು ಅದೇ ನ್ಯಾಯಾಲಯ ಹೇಳಿತ್ತು, ಸಾರ್ಡಾ ಪ್ರಕರಣದ ತೀರ್ಪು ಆ ಮಾತನ್ನು ನೆನೆದಿದೆ. ಆ ಪ್ರಕರಣದಲ್ಲಿ ಕೊನೆಗೆ ಆರೋಪಿಯ ಬಿಡುಗಡೆಯಾಯಿತು. ಗಮನಿಸಿ, ನಾನು ‘ಇರಬೇಕು’ ಎಂದು ಬರೆಯದೆ ‘ಇರಲೇಬೇಕು’ ಎಂದು ಬರೆದೆ. ಮಂಗಳೂರಿನ ಮಿತ್ರರು ತೋರಿಸಿದಂತೆ ಆಡುಗನ್ನಡದ ‘ಬಂದಿರಬೇಕು’ ಅಷ್ಟೇನೂ ಬಿಗಿಯಲ್ಲ, ಬಹುಶಃ ಬಂದಿದೆ ಎಂಬಷ್ಟೇ ಅದರ ತೂಕ. ತೀರ್ಪಿನ ಅನುವಾದದಲ್ಲಿ ಆ ‘ಲೇ’ ಬಿಟ್ಟುಹೋದರೆ ಸಾಕ್ಷ್ಯದ ಅಳತೆಯೇ ಬದಲಾಗುತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಹೆಗಲ ಮೇಲೆ ಕಾಯಿಯ ಬೂದಿ ಅಂಟಿರುತ್ತದೆಂದು ಕಳ್ಳನಿಗೆ ಮಾತ್ರ ಗೊತ್ತು, ಆದ್ದರಿಂದ ಮುಟ್ಟಿಕೊಂಡವನೇ ಕಳ್ಳ ಎಂಬುದು ಅದರ ತರ್ಕ. ಕಾನೂನು ಕೂಡ ಆರೋಪಿಯ ನಡವಳಿಕೆಯನ್ನು ಪ್ರಸ್ತುತ ಸಂಗತಿಯೆಂದು ಒಪ್ಪುತ್ತದೆ. ಆದರೆ ಬುದ್ಧಿವಂತನಾದ ನಿರಪರಾಧಿಯೂ, ತನ್ನ ಮೇಲೆ ಸುಳ್ಳು ಗುರುತೇನಾದರೂ ಇದೆಯೋ ಎಂಬ ಭಯದಿಂದ ಹೆಗಲು ನೋಡಿಕೊಂಡಾನು. ಗಾದೆಯ ಕಳ್ಳನಿಗೆ ವಕೀಲರಿರಲಿಲ್ಲ.

ಇನ್ನೊಂದು ಮಾತು. ಕಳ್ಳತನವಾದ ಸ್ವಲ್ಪ ಹೊತ್ತಿನಲ್ಲಿಯೇ ಆ ಮಾಲು ಒಬ್ಬನ ಬಳಿ ಸಿಕ್ಕಿ, ಅವನು ವಿವರಣೆ ಕೊಡಲಾರದಿದ್ದರೆ, ಅವನೇ ಕದ್ದವನು ಅಥವಾ ಗೊತ್ತಿದ್ದೂ ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 114ನೆಯ ಕಲಮಿನ ದೃಷ್ಟಾಂತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 119ನೆಯ ಕಲಮಾಗಿದೆ. ಅಲ್ಲಿ ಇರುವುದು ‘ಭಾವಿಸಬಹುದು’, ಭಾವಿಸಲೇಬೇಕು ಎಂದಲ್ಲ.

ಕೃಷಿಕ, ಶ್ರೀರಂಗಪಟ್ಟಣ

ಓದಿದ್ದು ಬಿ.ಎ. ಮಾತ್ರ, ಆದರೆ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪಾಠವಿತ್ತು. ಹೊಳೆ ತುಂಬಿ ಹರಿದರೆ ಮೇಲೆ ಮಳೆಯಾಗಿದೆ ಎಂದು ತಿಳಿಯುವುದು ಅನುಮಾನಕ್ಕೆ ಹಳೆಯ ಉದಾಹರಣೆಯೆಂದು ನಮ್ಮ ಮೇಷ್ಟ್ರು ಹೇಳಿದ್ದರು. ನಮ್ಮೂರಿನಲ್ಲಿ ಅದು ನಡೆಯುವುದಿಲ್ಲ. ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದರೂ ಕನ್ನಂಬಾಡಿ ಕಟ್ಟೆ ಖಾಲಿಯಿದ್ದರೆ ನೀರೆಲ್ಲ ಅಲ್ಲಿಯೇ ನಿಲ್ಲುತ್ತದೆ, ನಮ್ಮ ಕಡೆ ಕಾವೇರಿ ಏರುವುದಿಲ್ಲ. ಕಟ್ಟೆ 124.80 ಅಡಿಯ ಗರಿಷ್ಠ ಮಟ್ಟದ ಹತ್ತಿರವಿದ್ದರೆ, ಒಳಹರಿವು ಹೆಚ್ಚಿದ ಕೂಡಲೇ ಗೇಟು ಎತ್ತುತ್ತಾರೆ, ಹೊಳೆ ಉಕ್ಕುತ್ತದೆ. ಮೇಲೆ ಒಂದು ಹನಿ ಬೀಳದ ದಿನವೂ ಕೆಳಗಿನವರಿಗೆಂದು ನೀರು ಬಿಟ್ಟರೆ ಹೊಳೆ ಏರುತ್ತದೆ. ಆದ್ದರಿಂದ ನಾವು ಹೊಳೆ ನೋಡಿ ಮಳೆಯನ್ನು ತಿಳಿಯುವುದಿಲ್ಲ, ಪೇಪರಿನಲ್ಲಿ ಒಳಹರಿವು, ಹೊರಹರಿವು ಎಷ್ಟು ಕ್ಯೂಸೆಕ್ ಎಂದು ನೋಡುತ್ತೇವೆ. ಹಳೆಯವರು ಅಣೆಕಟ್ಟೆಯನ್ನು ಕಂಡಿರಲಿಲ್ಲವಲ್ಲ, ಹಾಗಾಗಿ ಆ ಉದಾಹರಣೆಯನ್ನು ಬದಲಿಸಬೇಕೇನೋ.

ನಿವೃತ್ತ ಸಂಸ್ಕೃತ ಅಧ್ಯಾಪಕ, ಮೈಸೂರು

ಸ್ವಾಮಿ, ನಿಮ್ಮ ಬರಹವನ್ನು ಓದಿ ಬಹಳ ಸಂತೋಷವಾಯಿತು, ಏಕೆಂದರೆ ನೀವು ಎತ್ತಿದ ಆಕ್ಷೇಪ ಆ ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರದಲ್ಲಿಯೇ ಇದೆ. ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷದವರು, ಎಂದರೆ ಆಕ್ಷೇಪಿಸುವವರು, ಅನುಮಾನವು ಪ್ರಮಾಣವಲ್ಲವೆಂದು ವಾದಿಸಲು ಮೂರು ಕಾರಣ ಕೊಡುತ್ತಾರೆ: ರೋಧ, ಉಪಘಾತ, ಸಾದೃಶ್ಯ. ರೋಧವೆಂದರೆ ತಡೆ. ಹೊಳೆಗೆ ಎಲ್ಲೋ ಅಡ್ಡ ಬಿದ್ದು ನೀರು ಏರಿರಬಹುದು, ಮಳೆಯೇ ಬರಬೇಕೆಂದಿಲ್ಲ. ಉಪಘಾತವೆಂದರೆ ಹಾನಿ. ಇರುವೆಗಳು ಮೊಟ್ಟೆ ಹೊತ್ತು ಸಾಗುವುದನ್ನು ಕಂಡು ಮಳೆ ಬರುತ್ತದೆನ್ನುತ್ತೀರಿ, ಆದರೆ ಯಾರೋ ಅವುಗಳ ಗೂಡನ್ನು ಕೆಡವಿರಬಹುದು. ಸಾದೃಶ್ಯವೆಂದರೆ ಹೋಲಿಕೆ. ನವಿಲಿನ ಕೂಗು ಕೇಳಿ ನವಿಲಿದೆಯೆನ್ನುತ್ತೀರಿ, ಮನುಷ್ಯನೊಬ್ಬ ಹಾಗೆ ಕೂಗಿರಬಹುದು.

ಇದಕ್ಕೆ ಸಿದ್ಧಾಂತಿಯ, ಎಂದರೆ ಅನುಮಾನವನ್ನು ಸಮರ್ಥಿಸುವವನ, ಉತ್ತರ ಬಹಳ ಸೂಕ್ಷ್ಮವಾಗಿದೆ. ನೀವು ಹೇಳಿದ ಗುರುತುಗಳು ನಾವು ಹೇಳಿದ ಗುರುತುಗಳೇ ಅಲ್ಲ ಎನ್ನುತ್ತಾನೆ ಅವನು. ನ್ಯಾಯಸೂತ್ರಕ್ಕೆ ವ್ಯಾಖ್ಯಾನ ಬರೆದ ವಾತ್ಸ್ಯಾಯನನು ತನ್ನ ಭಾಷ್ಯದಲ್ಲಿ ಇದನ್ನು ಬಿಡಿಸಿ ಹೇಳುತ್ತಾನೆ: ಮಳೆಯನ್ನು ತಿಳಿಯುವವನು ನೀರು ಹೆಚ್ಚಿದ್ದನ್ನು ಮಾತ್ರ ನೋಡುವುದಿಲ್ಲ. ಪ್ರವಾಹದ ವೇಗವನ್ನು, ಏಳುವ ನೊರೆಯನ್ನು, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆಗಳನ್ನು ನೋಡುತ್ತಾನೆ. ಅನುಮಾನ ತಪ್ಪಿದ್ದರೆ ತಪ್ಪು ಅನುಮಾನದ್ದಲ್ಲ, ಗುರುತನ್ನು ಅರೆಬರೆಯಾಗಿ ನೋಡಿದವನದು. ಉಪನ್ಯಾಸಕಿಯವರ ಸುಣ್ಣದ ನೀರು ಮತ್ತು ಘಾಟಿನ ಮಾತೂ ಇದೇ ಅಲ್ಲವೇ?

ಮಂಗಳೂರಿನವರು ಹೇಳಿದ ಕ್ರಿಯಾಪದದ ವಿಚಾರ ನನಗೆ ಹೊಳೆದಿರಲಿಲ್ಲ. ಅದನ್ನು ಒಪ್ಪುತ್ತೇನೆ. ಆದರೂ ಶಾಸ್ತ್ರದ ಬರವಣಿಗೆಗೆ ಒಂದು ನಾಮಪದ ಬೇಕೇ ಬೇಕು. ಅಲ್ಲಿ ‘ಅನುಮಿತಿ’ ಎಂಬುದನ್ನು ಬಳಸಬಹುದು. ಅನುಮಾನವು ಸಾಧನ, ಅದರಿಂದ ಹುಟ್ಟುವ ತಿಳಿವಳಿಕೆ ಅನುಮಿತಿ. ಆ ಪದಕ್ಕೆ ಇನ್ನೂ ಸಂಶಯದ ಸೋಂಕು ತಗುಲಿಲ್ಲ.

ಸಂಖ್ಯಾಶಾಸ್ತ್ರದ ಉಪನ್ಯಾಸಕ, ಕಲಬುರಗಿ

ನಮ್ಮ ವಿಷಯಕ್ಕೆ ‘ಅನುಮಿತಿ’ ಹೊಂದುತ್ತದೆ. ಊಹೆ ಎಂಬುದು ಮಾತ್ರ ಬೇಡ, ಏಕೆಂದರೆ ಊಹೆಗೆ ಆಧಾರ ಇರಲೇಬೇಕೆಂದಿಲ್ಲ, ನಮ್ಮ ಕೆಲಸದಲ್ಲಿ ತಪ್ಪಿನ ಅಳತೆಯನ್ನೂ ಒಪ್ಪಿಸಬೇಕು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎಂಬ ಮಾತನ್ನು ಎಲ್ಲರೂ ಮಾದರಿ ಸಮೀಕ್ಷೆಗೆ ಉದಾಹರಿಸುತ್ತಾರೆ. ಅದರ ಷರತ್ತನ್ನು ಯಾರೂ ಹೇಳುವುದಿಲ್ಲ: ಪಾತ್ರೆಯ ಅಕ್ಕಿಯೆಲ್ಲ ಒಂದೇ ಬಗೆಯದಾಗಿರಬೇಕು, ಉರಿ ಎಲ್ಲ ಕಡೆಗೂ ಸಮನಾಗಿ ತಾಗಿರಬೇಕು. ತಳ ಹತ್ತಿ ಮೇಲೆ ಅರೆಬೆಂದ ಪಾತ್ರೆಯಲ್ಲಿ ಒಂದು ಅಗುಳು ಏನನ್ನೂ ತಿಳಿಸದು. ಅಲ್ಲಿ ಹಲವು ಕಡೆಯಿಂದ, ಕೈಗೆ ಸಿಕ್ಕ ಕಡೆಯಿಂದಲ್ಲದೆ ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಅಗುಳುಗಳನ್ನು ತೆಗೆಯಬೇಕು.

ರೈತರಿಗೆ ಇದು ಬೆಳೆ ಕಟಾವು ಪ್ರಯೋಗದ ರೂಪದಲ್ಲಿ ಗೊತ್ತಿದೆ. ಸರ್ವೆ ನಂಬರುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಹಲವು ಬೆಳೆಗಳಿಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ತಾಕನ್ನು ಗುರುತು ಮಾಡಿ, ಅದರಲ್ಲಿನ ಫಸಲನ್ನು ಕೊಯ್ದು ತೂಗುತ್ತಾರೆ. ಕೆಲವೇ ತಾಕುಗಳ ತೂಕದಿಂದ ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು ನಿಗದಿ ಮಾಡುತ್ತಾರೆ. ಬೆಳೆ ವಿಮೆಯ ಪರಿಹಾರ ಆ ಅಂಕಿಯ ಮೇಲೆ ನಿಂತಿದೆ. ನಮ್ಮ ಮನೆಯ ತೊಗರಿ ಹೊಲ ಒಂದು ವರ್ಷ ನೀರು ನಿಂತು ಕೊಳೆಯಿತು. ಆದರೆ ಪಂಚಾಯಿತಿಯಲ್ಲಿ ಆಯ್ಕೆಯಾದ ತಾಕುಗಳು ಎತ್ತರದ ಹೊಲಗಳಲ್ಲಿದ್ದವು. ಸರಾಸರಿ ಚೆನ್ನಾಗಿ ಬಂತು, ನಮಗೆ ಪರಿಹಾರ ಬರಲಿಲ್ಲ. ಆಯ್ಕೆಯಲ್ಲಿ ಮೋಸವಿರಲಿಲ್ಲ. ಪಂಚಾಯಿತಿಯ ಸರಾಸರಿಯನ್ನು ತಿಳಿಯಲು ಮಾಡಿದ ಅನುಮಿತಿಯಿಂದ ಒಂದು ಹೊಲದ ಸ್ಥಿತಿಯನ್ನು ತಿಳಿಯಲಾಗದು, ಅಷ್ಟೇ. ಇದನ್ನು ಅಪ್ಪನಿಗೆ ವಿವರಿಸಲು ನನಗೆ ಒಂದು ಸಂಜೆ ಹಿಡಿಯಿತು. ‘ನಮ್ಮ ಹೊಲ ನೋಡದೆ ನಮ್ಮ ಬೆಳೆ ಹೇಗೆ ಗೊತ್ತಾಯಿತು?’ ಎಂಬ ಅವರ ಪ್ರಶ್ನೆ ಈಗಲೂ ನನ್ನ ತರಗತಿಯ ಮೊದಲ ಪಾಠ.

ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಅದೇ ಗದ್ಯಭಾಗವನ್ನು ಮತ್ತೆ ಕೊಟ್ಟೆ. ಪುಟವನ್ನು ಎರಡು ಭಾಗ ಮಾಡಿಸಿ, ಒಂದು ಕಡೆ ‘ಬರೆದಿರುವುದು’, ಇನ್ನೊಂದು ಕಡೆ ‘ಅದರಿಂದ ನನಗೆ ತಿಳಿದದ್ದು’ ಎಂದು ಬರೆಯಿಸಿದೆ. ಎರಡನೆಯ ಕಡೆಯ ಪ್ರತಿ ವಾಕ್ಯವೂ ‘ಇರಬೇಕು’ ಅಥವಾ ‘ಇರಬಹುದು’ ಎಂದು ಮುಗಿಯಬೇಕು, ಯಾವುದನ್ನು ಏಕೆ ಆರಿಸಿದಿರಿ ಎಂದು ಹೇಳಬೇಕು ಎಂದೆ. ಪದದ ಹೆಸರನ್ನು ಹೇಳಲೇ ಇಲ್ಲ.

‘ಅಜ್ಜಿ ಕಾಯುತ್ತಿದ್ದವರು ಬಸ್ಸಿನಲ್ಲಿ ಬರುವವರಾಗಿರಬೇಕು, ಏಕೆಂದರೆ ಬಸ್ಸು ಹೋದ ಮೇಲೆಯೇ ತಟ್ಟೆ ಎತ್ತಿದಳು’ ಎಂದು ಹಲವರು ಬರೆದರು. ಹಿಂದಿನ ಬಾರಿ ‘ನನಗೆ ಅನುಮಾನವಿಲ್ಲ’ ಎಂದು ಬರೆದಿದ್ದ ಹುಡುಗಿ ಈ ಬಾರಿ, ‘ಬರಬೇಕಾದವರು ಮಗನೇ ಎಂದು ಎಲ್ಲರೂ ಹೇಳುತ್ತಿದ್ದಾರೆ, ಆದರೆ ಮಗ ಎಂದು ಎಲ್ಲಿಯೂ ಬರೆದಿಲ್ಲ, ಮೊಮ್ಮಗಳೂ ಇರಬಹುದು’ ಎಂದು ಬರೆದಿದ್ದಾಳೆ. ಮಗನೆಂದು ನಾನೂ ಅಂದುಕೊಂಡಿದ್ದೆ. ಹಿಂದಿನ ಪರೀಕ್ಷೆಯ ಸೊನ್ನೆಗಳನ್ನು ಅಂಕಪಟ್ಟಿಯಿಂದ ತೆಗೆದಿದ್ದೇನೆ.